ಸೆಟ್ಲಮೆಂಟ್ ಹುಡುಗನ ಜೊತೆ ಮಗ ಆಡಬಾರದಾ? ಓಣಿ ನಿಜವಾಗಿ ಕಳ್ಳರನ್ನು ಮಾಡುತ್ತಾ?

ಪ್ರಶ್ನೆ: ಹುಬ್ಬಳ್ಳಿ ಅಮ್ಮ

ಮಗ ಒಂಬತ್ತನೇ ಕ್ಲಾಸು. ಕಬಡ್ಡಿ ಅಂದ್ರೆ ಪ್ರಾಣ. ತಂಡದಲ್ಲಿ ಅವನಿಗೆ ಒಬ್ಬ ಗೆಳೆಯ ಇದ್ದಾನೆ, ಅವನ ಮನೆ ಸೆಟ್ಲಮೆಂಟ್‌ನಲ್ಲಿ, ಅಂದ್ರೆ ಬ್ರಿಟಿಷರ ಕಾಲದಲ್ಲಿ ಕಳ್ಳರ ಜಾತಿ ಅಂತ ಹೆಸರಿಟ್ಟು ಜನರನ್ನು ಕೂಡಿಹಾಕಿದ್ದ ಓಣಿಯಲ್ಲಿ. ನಮ್ಮಲ್ಲಿ ಬಂದು ರೊಟ್ಟಿ ತಿಂದರೆ ತಟ್ಟೆ ತಾನೇ ತೊಳೆದಿಡುತ್ತಾನೆ. ಹೋದ ವಾರ ಶಾಲೆಯಲ್ಲಿ ಒಂದು ಮೊಬೈಲು ಕಳೆಯಿತು. ಇಡೀ ಕ್ಲಾಸಿನಲ್ಲಿ ಹುಡುಕಿದ್ದು ಇವನ ಚೀಲ ಒಂದನ್ನೇ. ಏನೂ ಸಿಗಲಿಲ್ಲ.

ಆದರೂ ಅವತ್ತಿನಿಂದ ನಮ್ಮ ಅತ್ತೆಯದು ಒಂದೇ ಮಾತು: "ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ. ಆ ಹುಡುಗನನ್ನು ಬಿಡಿಸು." ಯಜಮಾನರೂ ಹೂಂ ಅಂತಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ, ಆದರೆ ಒಳಗೊಳಗೆ ಭಯವೂ ಇದೆ. ಬೆಳೆದ ಜಾಗ, ಸುತ್ತಲಿನ ಜನ, ಅವರ ರೂಢಿ ಒಬ್ಬನನ್ನು ಅಪರಾಧಕ್ಕೆ ತಳ್ಳುತ್ತವಾ? ಗೊತ್ತಿದ್ದವರು ಹೇಳಿ.

ಉತ್ತರ: ಕಟ್ಟೆ ಮೇಲಿನವ

ತಳ್ಳುತ್ತವೆ, ಇಲ್ಲ ಅನ್ನೋಕೆ ಆಗಲ್ಲ. ನಾನು ಬೆಳೆದ ಓಣಿಯಲ್ಲಿ ಮಟಕಾ ಚೀಟಿ ಬರೆಯುವವನೇ ದೊಡ್ಡ ಮನುಷ್ಯ. ಸಂಜೆ ಅವನ ಕಟ್ಟೆಗೆ ಬಂದ ಹುಡುಗರಿಗೆ ಚಹಾ, ಮಿರ್ಚಿ ಪುಕ್ಕಟೆ. ಕೆಲವರು ಅವನ ಚೀಟಿ ಒಯ್ಯಲು ಶುರು ಮಾಡಿದರು, ಆಮೇಲೆ ಶಾಲೆ ಬಿಟ್ಟರು. ಅದರಲ್ಲಿ ಎಲ್ಲ ಜಾತಿಯ ಹುಡುಗರೂ ಇದ್ದರು, ಅದನ್ನೂ ಹೇಳಬೇಕು. ನಿಮ್ಮ ಮಗ ಯಾರ ಜೊತೆ ಆಡುತ್ತಾನೆ ಅನ್ನುವುದಕ್ಕಿಂತ ಸಂಜೆ ಎಲ್ಲಿ ಕೂರುತ್ತಾನೆ ಅಂತ ನೋಡಿ.

ಉತ್ತರ: ರಿಟೈರ್ಡ್ ಫಿಟ್ಟರ್

ಅಕ್ಕ, ನಾನು ಸೆಟ್ಲಮೆಂಟ್‌ನಲ್ಲೇ ಹುಟ್ಟಿದವನು. ನಾವು ಕೊರಮರು. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ನಮ್ಮ ಹಿರಿಯರು ಕತ್ತೆ, ಎತ್ತಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದರು. ಹೆಂಗಸರು ಬುಟ್ಟಿ ಹೆಣೆಯುತ್ತಿದ್ದರು, ಕಣಿ ಹೇಳುತ್ತಿದ್ದರು. ರೈಲು ಬಂತು, ಉಪ್ಪಿನ ಮೇಲೆ ಬ್ರಿಟಿಷರ ಕಾನೂನು ಬಂತು, ವ್ಯಾಪಾರ ಮುಳುಗಿತು. ಹೊಟ್ಟೆಗಿಲ್ಲದೆ ಕೆಲವರು ಕದ್ದಿರಬಹುದು. ಆದರೆ ಸರ್ಕಾರ ಪಟ್ಟಿ ಮಾಡಿದ್ದು ಕದ್ದವರನ್ನಲ್ಲ, ಇಡೀ ಜಾತಿಯನ್ನು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಉತ್ತರ ಭಾರತದಲ್ಲಿತ್ತು. 1911ರಲ್ಲಿ ಅದು ಎಲ್ಲ ಕಡೆಗೂ ಬಂತು. ಬಡಗಿಯ ಮಗ ಬಡಗಿ ಆದರೆ ಕಳ್ಳನ ಮಗ ಕಳ್ಳನೇ ಅನ್ನುವುದು ಅದರ ಲೆಕ್ಕ. ನಿಮ್ಮ ಅತ್ತೆ ಹೇಳುವುದೂ ಅದನ್ನೇ ಅಲ್ವಾ?

ಹುಬ್ಬಳ್ಳಿ, ಗದಗ, ವಿಜಯಪುರದಲ್ಲಿ ಸೆಟ್ಲಮೆಂಟ್ ಮಾಡಿ ಕೊರಮರು, ಗಂಟಿಚೋರರು ಮೊದಲಾದವರನ್ನು ತಂತಿ ಬೇಲಿಯ ಒಳಗೆ ಇಟ್ಟರು. ಹಾಜರಿ ಕೊಡಬೇಕು. ಹೊರಗೆ ಹೋಗಲು ಪಾಸು ಬೇಕು. ಬೀಗರ ಮನೆ ಮದುವೆಗೂ ಪಾಸು ಕೇಳಬೇಕಿತ್ತು ಅಂತ ನಮ್ಮಜ್ಜಿ ಹೇಳುತ್ತಿದ್ದಳು. 1924ರ ಕಾಯ್ದೆಯಲ್ಲಿ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಇಡುವುದಕ್ಕೂ ಅವಕಾಶ ಇತ್ತು. ಯಾವ ತಪ್ಪೂ ಮಾಡದ ಮಕ್ಕಳನ್ನು!

1952ರ ಆಗಸ್ಟ್ 31ಕ್ಕೆ ಈ ಕಾಯ್ದೆ ರದ್ದಾಯಿತು. ಅದಕ್ಕೇ ನಮ್ಮನ್ನು ವಿಮುಕ್ತರು ಅಂತಾರೆ. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ, ಅಂದ್ರೆ ಮತ್ತೆ ಮತ್ತೆ ಅಪರಾಧ ಮಾಡುವವರ ಮೇಲಿನ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರಲ್ಲಿ. ಬೇಲಿ ಹೋಯಿತು, ಪೊಲೀಸರ ಕಣ್ಣು ಹೋಗಲಿಲ್ಲ.

ನನ್ನ ಗೆಳೆಯನೊಬ್ಬ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಎಲ್ಲೋ ಒಂದು ಮನೆಗಳ್ಳತನ ಆಯಿತು, ಜೀಪು ಸೀದಾ ನಮ್ಮ ಓಣಿಗೆ ಬಂತು. ಅವನನ್ನು ಅನುಮಾನದ ಮೇಲೆ ಒಯ್ದರು, ಆಮೇಲೆ ಬಿಟ್ಟರು. ಮೇಸ್ತ್ರಿ ಕೆಲಸದಿಂದ ತೆಗೆದ. ಬೇರೆ ಮೇಸ್ತ್ರಿ ಹತ್ತಿರ ಸೇರಿದ, ಮತ್ತೆ ಒಯ್ದರು. ಆಮೇಲೆ ಯಾರೂ ಕರೆಯಲಿಲ್ಲ. ಕುಡಿಯೋಕೆ ಹತ್ತಿದ. ಕೊನೆಗೆ ಒಂದು ದಿನ ನಿಜವಾಗಿಯೂ ಕದ್ದು ಸಿಕ್ಕಿಬಿದ್ದ. ಆಗ ಎಲ್ಲರೂ, "ನಾವು ಹೇಳಿರಲಿಲ್ವಾ?" ಅಂದರು.

ಪರಿಸರ ಮನುಷ್ಯನನ್ನು ಕೆಡಿಸುತ್ತದೆ ಅನ್ನುವವರಿಗೆ ನಾನು ಹೌದು ಅಂತೀನಿ. ಆದರೆ ಆ ಜೀಪು, ಆ ಮೇಸ್ತ್ರಿ, ನಿಮ್ಮ ಶಾಲೆಯಲ್ಲಿ ಆ ಚೀಲಕ್ಕೆ ಹಾಕಿದ ಕೈ, ಇವೂ ಅವನ ಪರಿಸರವೇ. ಜನ ಓಣಿಯೊಳಗೆ ಹುಡುಕುತ್ತಾರೆ, ಓಣಿಯನ್ನು ಸುತ್ತುವರಿದದ್ದನ್ನು ನೋಡಲ್ಲ.

ಉತ್ತರ: ಸೋಶಿಯಾಲಜಿ ಲೆಕ್ಚರರ್

ಕಟ್ಟೆ ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ಶಿಕಾಗೋದಲ್ಲಿ ಕ್ಲಿಫರ್ಡ್ ಶಾ, ಹೆನ್ರಿ ಮೆಕೇ ಅನ್ನುವವರು ಬಾಲಾಪರಾಧದ ದಾಖಲೆಗಳನ್ನು ನಕ್ಷೆಯ ಮೇಲೆ ಗುರುತಿಸಿದರು. 1942ರಲ್ಲಿ ಅದು ಪ್ರಕಟವಾಯಿತು. ಕೆಲವು ಬಡ ಮೊಹಲ್ಲಾಗಳಲ್ಲಿ ಪ್ರಮಾಣ ಯಾವಾಗಲೂ ಜಾಸ್ತಿ. ಅಲ್ಲಿ ಮೊದಲು ಜರ್ಮನ್ನರು, ಐರಿಷರು ಇದ್ದರು, ಆಮೇಲೆ ಪೋಲಿಷರು, ಇಟಾಲಿಯನ್ನರು ಬಂದರು. ಜನ ಬದಲಾದರೂ ಜಾಗದ ಕಥೆ ಬದಲಾಗಲಿಲ್ಲ. ಅಲ್ಲಿಂದ ಒಳ್ಳೆಯ ಜಾಗಕ್ಕೆ ಹೋದವರ ಮಕ್ಕಳಲ್ಲಿ ಅಪರಾಧ ಇಳಿಯಿತು. ರಕ್ತ, ಸಂಸ್ಕೃತಿ ಅನ್ನುವ ವಾದಕ್ಕೆ ಇದು ದೊಡ್ಡ ಪೆಟ್ಟು.

ಆದರೆ ಅವರು ಎಣಿಸಿದ್ದು ದಾಖಲೆಗೆ ಬಂದ ಹುಡುಗರನ್ನು. ಪೊಲೀಸರು ಜಾಸ್ತಿ ತಿರುಗುವ ಓಣಿಯಲ್ಲಿ ದಾಖಲೆಯೂ ಜಾಸ್ತಿ. ಹಾಗಾಗಿ ಫಿಟ್ಟರ್ ಸರ್ ಹೇಳಿದ ಜೀಪನ್ನು ಲೆಕ್ಕದಿಂದ ಬಿಡುವ ಹಾಗಿಲ್ಲ.

ಉತ್ತರ: ಧಾರವಾಡ ವಕೀಲ

ಇದು ಹಳೇ ಕಥೆ ಅಂದುಕೊಳ್ಳಬೇಡಿ. ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ವಿಮುಕ್ತರನ್ನು ಹುಟ್ಟು ಅಪರಾಧಿಗಳಂತೆ ಕಾಣುವುದನ್ನೂ ಅದೇ ತೀರ್ಪು ಖಂಡಿಸಿತು. 1952 ಎಲ್ಲಿ, 2024 ಎಲ್ಲಿ!

ಹುಬ್ಬಳ್ಳಿ ಅಮ್ಮ

ಎಲ್ಲರಿಗೂ ಧನ್ಯವಾದ. ಫಿಟ್ಟರ್ ಅಣ್ಣ, ನೀವು ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಒಪ್ಪಿದ್ದಾರೆ ಅನ್ನಲ್ಲ, ಆದರೆ ಪಾಸಿನ ವಿಷಯ ಎರಡು ಸಲ ಕೇಳಿದರು. ಹುಡುಗರು ಕಬಡ್ಡಿ ಆಡಲಿ, ನಾನು ತಡೆಯಲ್ಲ. ಚೀಲದ ಬಗ್ಗೆ ಶಾಲೆಯಲ್ಲಿ ಕೇಳಬೇಕು ಅಂತಿದ್ದೀನಿ. ಮೊದಲು ಆ ಹುಡುಗನ ಅಮ್ಮನನ್ನು ಮಾತಾಡಿಸಬೇಕಾ?

ರಿಟೈರ್ಡ್ ಫಿಟ್ಟರ್

ಮೊದಲು ಅವರನ್ನೇ ಕೇಳಿ. ಗದ್ದಲ ಆದರೆ ನಾಳೆ ಮಗನಿಗೇ ತೊಂದರೆ ಅಂತ ಹೆದರಬಹುದು, ನಮ್ಮಲ್ಲಿ ಆ ಹೆದರಿಕೆ ಸುಮ್ನೆ ಬಂದದ್ದಲ್ಲ. ಅವರು ಬೇಡ ಅಂದರೆ ಹುಡುಗನ ಹೆಸರು ಎತ್ತಬೇಡಿ. ಇನ್ನು ಮುಂದೆ ತಪಾಸಣೆ ಮಾಡುವುದಾದರೆ ಎಲ್ಲ ಮಕ್ಕಳ ಚೀಲವನ್ನೂ ಮಾಡಬೇಕು ಅಂತ ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಸಭೆಗೆ ಬರೆದುಕೊಡಿ. ಒಬ್ಬರೇ ಹೋಗಬೇಡಿ, ಇನ್ನಿಬ್ಬರು ಪಾಲಕರ ಸಹಿ ಇರಲಿ.