ಕಾಫಿ ಪುಡಿ ಮೆತ್ತಿದ್ರೆ ಧನುರ್ವಾಯು ಬರಲ್ವಾ? (ಮೂಡಿಗೆರೆ ಹೈಸ್ಕೂಲ್ ಗೆಳೆಯರ ಗುಂಪು)

ಲೋಕೇಶ: (ಫಾರ್ವರ್ಡ್) "ಕತ್ತಿ ತಾಗಿದರೆ ಗಾಯಕ್ಕೆ ಕಾಫಿ ಪುಡಿ ತುಂಬಿ ಬಿಗಿಯಾಗಿ ಕಟ್ಟಿ. ತುಕ್ಕು ಕಬ್ಬಿಣ ಅಲ್ಲದಿದ್ದರೆ ಟಿಟಿ (ಧನುರ್ವಾಯು ಲಸಿಕೆ) ಬೇಡ." ಸರಿಯಾಗೇ ಇದೆಯಲ್ಲ? ತೋಟದಲ್ಲಿ ಎಲ್ರೂ ಇದನ್ನೇ ಮಾಡೋದು.

ಡಾ. ಸವಿತಾ: ಎರಡೂ ತಪ್ಪು ಲೋಕೇಶ. ತುಕ್ಕಿಗೂ ಧನುರ್ವಾಯುಗೂ ಸಂಬಂಧ ಇಲ್ಲ. ಅದನ್ನ ತರೋ ಕ್ಲಾಸ್ಟ್ರಿಡಿಯಂ ಟೆಟನಿ ಬ್ಯಾಕ್ಟೀರಿಯಾದ ಬೀಜಕಣ (ಗಟ್ಟಿ ಚಿಪ್ಪಲ್ಲಿ ಮಲಗಿರೋ ರೂಪ) ಮಣ್ಣಲ್ಲಿ, ಸಗಣೀಲಿ ವರ್ಷಗಟ್ಟಲೆ ಉಳಿಯುತ್ತೆ. ಕೊಟ್ಟಿಗೆ ಗೊಬ್ಬರ ಮೆತ್ತಿದ ಹೊಸ ಕತ್ತಿನೂ ಅಷ್ಟೇ ಅಪಾಯ. ಅದು ಮೊಳೆಯೋದು ಆಮ್ಲಜನಕ ಇಲ್ಲದ ಕಡೆ. ಆಳದ ಗಾಯಕ್ಕೆ ಪುಡಿ ತುಂಬಿ ಕಟ್ಟಿದ್ರೆ ಅಂಥ ಜಾಗ ನಾವೇ ಮಾಡಿಕೊಟ್ಟಂಗೆ.

ಲೋಕೇಶ: ರಕ್ತ ನಿಲ್ಲುತ್ತಲ್ಲ, ಅದೂ ಸುಳ್ಳಾ?

ಮಂಜುನಾಥ (ವೆಟರ್ನರಿ): ರಕ್ತ ನಿಲ್ಲಿಸೋದು ಒತ್ತಡ, ಪುಡಿಯಲ್ಲ. ಶುಭ್ರ ಬಟ್ಟೆ ಇಟ್ಟು 10 ನಿಮಿಷ ಒತ್ತಿ ಹಿಡಿ, ಮಧ್ಯೆ ತೆಗೆದು ನೋಡ್ಬೇಡ. ನಿಂತ ಮೇಲೆ ಸೋಪು ಹಾಕಿ ಹರಿಯೋ ನೀರಲ್ಲಿ ತೊಳಿ. ಪುಡಿ ಹಾಕಿದ್ರೆ ಹೊಲಿಗೆಗೆ ಮುಂಚೆ ಅದನ್ನೆಲ್ಲ ತೊಳೆದು ತೆಗೀಬೇಕು, ಉಳಿದ ಕಣದ ಸುತ್ತ ಕೀವಾಗುತ್ತೆ.

ಲೋಕೇಶ: ಕತ್ತಿ ಕುದಿಸಿಟ್ಕೊಂಡ್ರೆ?

ಮಂಜುನಾಥ: ಕುದಿಯೋ ನೀರಲ್ಲೂ ಬೀಜಕಣ ಉಳಿಯುತ್ತೆ. ಒತ್ತಡದ ಹಬೇಲಿ ಕ್ರಿಮಿ ಕೊಲ್ಲೋ ಯಂತ್ರ ಆಟೋಕ್ಲೇವ್‌ನಲ್ಲಿ 121 ಡಿಗ್ರಿ, ಕನಿಷ್ಠ 15 ನಿಮಿಷ ಬೇಕು. ಆಮೇಲೂ ಕತ್ತಿ ನೆಲ ಮುಟ್ಟಿದ್ರೆ ಮುಗೀತು.

ಡಾ. ಸವಿತಾ: ಜನ ಮೋಸ ಹೋಗೋದು ಇಲ್ಲೇ. ಗಾಯ ಕೆಂಪಾಗಿಲ್ಲ, ಕೀವಿಲ್ಲ, ವಾಸಿಯಾಯ್ತು ಅಂತಾರೆ. ಬ್ಯಾಕ್ಟೀರಿಯಾ ಗಾಯ ಬಿಟ್ಟು ಹೋಗೋದೇ ಇಲ್ಲ, ಹೋಗೋದು ಅದರ ವಿಷ. ನರದ ತುದಿಯಿಂದ ಹತ್ತಿ ಬೆನ್ನುಹುರಿಗೆ ಹೋಗಿ, ಸ್ನಾಯು ಸಡಿಲಿಸೋ ಗ್ಲೈಸಿನ್, ಗಾಬಾ ಅನ್ನೋ ನರರಾಸಾಯನಿಕಗಳು ಬಿಡುಗಡೆ ಆಗದಂತೆ ತಡೆಯುತ್ತೆ. ಸಾಮಾನ್ಯವಾಗಿ 3ರಿಂದ 21 ದಿನದೊಳಗೆ ದವಡೆ ಬಿಗಿಯುತ್ತೆ, ಆಮೇಲೆ ಕತ್ತು, ಬೆನ್ನು. ನರಕ್ಕೆ ಅಂಟಿದ ವಿಷಾನ ಯಾವ ಔಷಧಿನೂ ಬಿಡಿಸಲ್ಲ. ಕೊಲ್ಲೋಕೆ ಬೇಕಾದ ವಿಷ ಎಷ್ಟು ಕಮ್ಮಿ ಅಂದ್ರೆ, ಒಮ್ಮೆ ಧನುರ್ವಾಯು ಬಂದು ಬದುಕಿದವರಿಗೂ ರೋಗನಿರೋಧಕ ಶಕ್ತಿ ಬರಲ್ಲ, ಅವರಿಗೂ ಲಸಿಕೆ ಬೇಕು.

ಉಮೇಶ (ಫಾರ್ಮಸಿ): ಅದಕ್ಕೇಂತ ಗೀರಿದ್ದಕ್ಕೆಲ್ಲ ಆರಾರು ತಿಂಗಳಿಗೆ ಚುಚ್ಚೋದೂ ತಪ್ಪು ಸವಿತಾ. ಪದೇಪದೇ ಕೊಟ್ರೆ ತೋಳು ಬಾತುಕೊಳ್ಳುತ್ತೆ, ಲಾಭ ಏನೂ ಇಲ್ಲ.

ಡಾ. ಸವಿತಾ: ಅದಕ್ಕೆ ನನ್ನ ತಕರಾರಿಲ್ಲ. ಮೂರು ಡೋಸ್ ಪೂರ್ತಿ ಆಗಿರೋರಿಗೆ ಶುಭ್ರವಾದ ಸಣ್ಣ ಗಾಯ ಆದ್ರೆ ಕೊನೇ ಡೋಸ್‌ಗೆ 10 ವರ್ಷ, ಮಣ್ಣು-ಸಗಣಿ ಹತ್ತಿದ್ದು ಅಥವಾ ಆಳದ್ದಾದ್ರೆ 5 ವರ್ಷ ಆಗಿದ್ರೆ ಮಾತ್ರ ಇನ್ನೊಂದು ಡೋಸ್. ಡೋಸ್ ನೆನಪೇ ಇಲ್ಲದ ಆಳು ಕೊಳೆ ಗಾಯ ಮಾಡ್ಕೊಂಡು ಬಂದ್ರೆ ಲಸಿಕೆ ಜೊತೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯ) 250 ಯೂನಿಟ್, ಮೈಯ ಬೇರೆ ಜಾಗಕ್ಕೆ. 4 ವಾರ ಆದ್ಮೇಲೆ ಲಸಿಕೆಯ ಎರಡನೇ ಡೋಸ್, ಅದಾಗಿ 6 ತಿಂಗಳಿಗೆ ಮೂರನೇದು. ಇದನ್ನ ಯಾರೂ ಮುಗಿಸಲ್ಲ, ನನಗೆ ಸಿಟ್ಟು ಬರೋದು ಅದಕ್ಕೇ.

ಲೋಕೇಶ: ಹಂಗಾದ್ರೆ ಹತ್ತು ಡೋಸ್ ತಂದು ತೋಟದ ಫ್ರಿಡ್ಜ್‌ನಲ್ಲಿ ಇಡ್ಲಾ?

ಉಮೇಶ: ಬೇಡ. 2ರಿಂದ 8 ಡಿಗ್ರೀಲೇ ಇರ್ಬೇಕು, ಹೆಪ್ಪುಗಟ್ಟಿದ್ರೆ ಲಸಿಕೆ ಕೆಟ್ಟಂಗೆ. ನಮ್ಮ ಕಡೆ ಕರೆಂಟ್ ಕಥೆ ಗೊತ್ತಲ್ಲ. ಆರೋಗ್ಯ ಕೇಂದ್ರಕ್ಕೇ ಕಳ್ಸು, ಈಗ ಅಲ್ಲಿ ಟಿಟಿ ಬದಲು ಟಿಡಿ ಕೊಡ್ತಾರೆ, ಡಿಫ್ತೀರಿಯಾಗೂ ಆಗುತ್ತೆ. ಹಾಕಿಸಿದ ತಾರೀಖನ್ನ ಆಳಿನ ಹಾಜರಿ ಪುಸ್ತಕದಲ್ಲೇ ಬರೆದಿಡು.