ಕಬ್ಬಿನ ಟ್ರೇಲರ್ ಮಹಾರಾಷ್ಟ್ರದ ಗಡಿ ದಾಟುವಾಗ ಯಾವ ನಿಯಮ ಅನ್ವಯಿಸುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ಕಾಗವಾಡ ತಾಲ್ಲೂಕಿನ ನಮ್ಮ ಹೊಲದ ಕಬ್ಬನ್ನು ಈ ಹಂಗಾಮಿನಲ್ಲಿ ಸ್ವಂತ ಟ್ರ್ಯಾಕ್ಟರ್‌ನಲ್ಲಿ ಸಾಂಗ್ಲಿ ಜಿಲ್ಲೆಯ ಕಾರ್ಖಾನೆಗೆ ಸಾಗಿಸಬೇಕಾಗಿದೆ. ಟ್ರ್ಯಾಕ್ಟರ್, ಟ್ರೇಲರ್ ಎರಡೂ ಕರ್ನಾಟಕದಲ್ಲಿ ನೋಂದಣಿಯಾಗಿವೆ. ಗಡಿ ದಾಟಿದ ಮೇಲೆ ದೀಪ, ನಂಬರ್ ಪ್ಲೇಟುಗಳಿಗೆ ಬೇರೆ ನಿಯಮವಿದೆಯೇ?

ಉತ್ತರ (ನಿವೃತ್ತ ಮೋಟಾರು ವಾಹನ ನಿರೀಕ್ಷಕರು): ನಮಸ್ಕಾರ. ದೀಪ, ರಿಫ್ಲೆಕ್ಟರ್, ಬ್ರೇಕುಗಳ ನಿಯಮಗಳು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿರುವುದರಿಂದ ಗಡಿಯ ಎರಡೂ ಕಡೆ ಒಂದೇ ಆಗಿವೆ. ನಿಮ್ಮ ನೋಂದಣಿಯೂ 1988ರ ಮೋಟಾರು ವಾಹನ ಕಾಯ್ದೆಯ 46ನೇ ಕಲಮಿನಂತೆ ದೇಶದಾದ್ಯಂತ ನಡೆಯುತ್ತದೆ. ಕೊರತೆ ಇರುವುದು ಪಾಲನೆಯಲ್ಲಿ. ಕಬ್ಬು ಹೇರಿದ ಟ್ರೇಲರ್ ಜೋಡಿಸಿದೊಡನೆ ಟ್ರ್ಯಾಕ್ಟರ್‌ನ ಹಿಂದೀಪಗಳು ಪೂರ್ತಿ ಮರೆಯಾಗುತ್ತವೆ. ಆದ್ದರಿಂದ ಟ್ರೇಲರಿಗೇ ಕೆಂಪು ಹಿಂದೀಪ, ಬ್ರೇಕ್ ದೀಪ, ಕೆಂಪು ರಿಫ್ಲೆಕ್ಟರುಗಳಿರಬೇಕು. ವೈರಿನ ಪ್ಲಗ್ ಟ್ರ್ಯಾಕ್ಟರಿಗೆ ಸಿಕ್ಕಿಸಿದ್ದು ನಿಜವಾಗಿ ಉರಿಯುತ್ತಿದೆಯೇ ಎಂದು ಹೊರಡುವ ಮುನ್ನ ಹಿಂದೆ ನಿಂತು ನೋಡಲೇಬೇಕು. ಜೋತುಬಿದ್ದ ಕಬ್ಬಿನ ಸೋಗೆ ದೀಪವನ್ನು ಮುಚ್ಚಿದ್ದರೆ ಅದು ಇದ್ದೂ ಇಲ್ಲದಂತೆಯೇ. ರಾತ್ರಿ ಹಿಂದಿನಿಂದ ಬರುವ ಬೈಕ್ ಸವಾರನ ಜೀವ ಆ ಕೆಂಪು ಬೆಳಕನ್ನೇ ನಂಬಿರುತ್ತದೆ ಎಂಬುದನ್ನು ದಯವಿಟ್ಟು ಮರೆಯಬೇಡಿ.

ನಂಬರಿನ ವಿಷಯದಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ಅಂಶವಿದೆ. ಅದೇ ಕಾಯ್ದೆಯ 61ನೇ ಕಲಮಿನ ಪ್ರಕಾರ ಟ್ರೇಲರಿನ ಸ್ವಂತ ನಂಬರು ಅದರ ಪಕ್ಕದಲ್ಲಿರಬೇಕು. ಎಳೆಯುವ ಟ್ರ್ಯಾಕ್ಟರಿನ ನಂಬರನ್ನೂ ಟ್ರೇಲರಿನ ಮೇಲೆ, ಒಂದಕ್ಕಿಂತ ಹೆಚ್ಚಿದ್ದರೆ ಕೊನೆಯದರ ಮೇಲೆ, ತೋರಿಸಬೇಕು.

ಪ್ರಶ್ನೆ: ಪಕ್ಕದ ಹೊಲದವರ ಕಬ್ಬನ್ನೂ ಬಾಡಿಗೆಗೆ ಸಾಗಿಸಬಹುದೇ? ಗಡಿಯಾಚೆ ದಂಡ ಹೆಚ್ಚೆಂದು ಕೇಳಿದ್ದೇನೆ.

ಉತ್ತರ: ಕೃಷಿ ಬಳಕೆಗೆಂದು ನೋಂದಣಿಯಾದ ವಾಹನದಲ್ಲಿ ಬಾಡಿಗೆ ಸಾಗಣೆ ಮಾಡುವಂತಿಲ್ಲ. ಅದಕ್ಕೆ ಸಾರಿಗೆ ವಾಹನವಾಗಿ ನೋಂದಣಿ ಮತ್ತು ಪರ್ಮಿಟ್ ಬೇಕು; ಆ ಪರ್ಮಿಟ್ ಮಹಾರಾಷ್ಟ್ರದಲ್ಲೂ ಊರ್ಜಿತವಾಗಿರಬೇಕು. ಬಾಡಿಗೆ ಸಾಗಣೆಯಲ್ಲಿ ಅಪಘಾತವಾದರೆ ವಿಮಾ ಕಂಪನಿ ಮೊದಲು ಎತ್ತುವ ತಕರಾರು ಇದೇ ಆಗಿರುತ್ತದೆ. ಟ್ರೇಲರಿಗೂ ವಿಮೆ ಇದೆಯೇ ಎಂದು ಪಾಲಿಸಿಯಲ್ಲಿ ನೋಡಿಕೊಳ್ಳಿ.

ದಂಡದ ಬಗ್ಗೆ ನೀವು ಕೇಳಿದ್ದರಲ್ಲಿ ಹುರುಳಿದೆ. ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು 200ನೇ ಕಲಮಿನಡಿ ಆಯಾ ರಾಜ್ಯ ಸರ್ಕಾರವೇ ಗೊತ್ತುಪಡಿಸುವುದರಿಂದ ಅದು ಗಡಿಯಾಚೆ ಬೇರೆಯಾಗಬಹುದು. ಹೇರು ಅಕ್ಕಪಕ್ಕಕ್ಕೆ ಚಾಚಿದರೆ ಅಥವಾ ಮಿತಿ ಮೀರಿ ಎತ್ತರವಾದರೆ ಕಾಯ್ದೆಯಲ್ಲೇ 20,000 ರೂಪಾಯಿ ದಂಡವಿದೆ, ಹೆಚ್ಚಿನ ಹೇರು ಇಳಿಸುವ ಖರ್ಚು ಬೇರೆ. ಹೇರುವ ಕೂಲಿಯವರಿಗೆ ಈ ಮಾತನ್ನು ಹೊಲದಲ್ಲೇ ಹೇಳಿಡಿ.