ಓದುವ ಮಕ್ಕಳ ಲ್ಯಾಪ್‌ಟಾಪ್‌ಗೆ ಓಎಲ್‌ಇಡಿ ಪರದೆ ಅಗತ್ಯವೇ?

ಪ್ರಶ್ನೆ (ಉಡುಪಿ): ಮಣಿಪಾಲದಲ್ಲಿ ಓದುತ್ತಿರುವ ಮಗಳಿಗೆ ಲ್ಯಾಪ್‌ಟಾಪ್ ಕೊಳ್ಳಬೇಕಾಗಿದೆ. ಅಂಗಡಿಯವರು 120 ಹರ್ಟ್ಸ್‌ನ (ಸೆಕೆಂಡಿಗೆ 120 ಬಾರಿ ಚಿತ್ರ ಹೊಸದಾಗಿಸುವ) ಓಎಲ್‌ಇಡಿ ಪರದೆಯನ್ನೇ ಹೊಗಳುತ್ತಿದ್ದಾರೆ. ಪಿಡಿಎಫ್ ಓದುವುದಕ್ಕೆ ಅಷ್ಟು ಹಣ ತೆರಬೇಕೇ?

ಉತ್ತರ (ಮಂಗಳೂರು): ಓಎಲ್‌ಇಡಿಯಲ್ಲಿ ಪ್ರತಿ ಬಿಂದುವೂ ತಾನೇ ಬೆಳಗುವುದರಿಂದ ಕಪ್ಪು ನಿಜವಾದ ಕಪ್ಪಾಗಿಯೇ ಕಾಣುತ್ತದೆ, ಆದರೆ ಬಿಳಿ ಪುಟಗಳನ್ನೇ ಗಂಟೆಗಟ್ಟಲೆ ಓದುವಾಗ ಅದೇ ಕಾರಣಕ್ಕೆ ಬ್ಯಾಟರಿ ಬೇಗ ಕರಗುತ್ತದೆ. ನನ್ನ 250 ನಿಟ್ಸ್‌ನ (ನಿಟ್ಸ್ ಎಂದರೆ ಪರದೆಯ ಬೆಳಕಿನ ಅಳತೆ), ಕನ್ನಡಿಯಂತೆ ಹೊಳೆಯುವ ಪರದೆಯನ್ನು ಮಧ್ಯಾಹ್ನ ಜಗಲಿಯಲ್ಲಿ ತೆರೆದರೆ ಅಕ್ಷರಗಳಿಗಿಂತ ಅಂಗಳದ ತೆಂಗಿನಮರವೇ ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ 400 ನಿಟ್ಸ್‌ನ, ಪ್ರತಿಬಿಂಬ ಕಾಣಿಸದ ಮಂದ ಮೈಯ ಐಪಿಎಸ್ (ಹಿಂಬದಿಯ ದೀಪದಿಂದ ಬೆಳಗುವ ಎಲ್‌ಸಿಡಿ ಬಗೆಯ) ಪರದೆಯೇ ಮೇಲು.

ಉತ್ತರ (ಕುಂದಾಪುರ): 1366×768 ಬಿಂದುಗಳ (ಅಡ್ಡ × ಉದ್ದ) ಹಳೆಯ ಪರದೆಯಲ್ಲಿ ಕನ್ನಡದ ಒತ್ತಕ್ಷರಗಳು ಕಲಸಿಹೋಗುತ್ತಿದ್ದವು, 1920×1200ಕ್ಕೆ ಬಂದ ಮೇಲೆ 'ಕ್ಷ್ಮ'ದ ಮಡಿಕೆಯೂ ಬಿಡಿಸಿ ಕಾಣುತ್ತದೆ. ಓದುವವರಿಗೆ ಅದೇ ದೊಡ್ಡ ಸುಧಾರಣೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನಾಳೆ ಅಂಗಡಿಯ ಬಾಗಿಲ ಬೆಳಕಿನಲ್ಲಿ ಕನ್ನಡ ಪುಟವೊಂದನ್ನು ತೆರೆದು ನೋಡುತ್ತೇನೆ.